ಕುರುಡು ಬಸ್ಸಿನ ಕಪ್ಪು ಪರದೆ

ಬಸ್ಸಿನ ಮುಂದಿನ ಗಾಜು ತೆಗೆದು ಉಕ್ಕಿನ ತಗಡು ಬಡಿದ ವರ್ಷ ಹುಬ್ಬಳ್ಳಿಯ ಮಂದಿ ತಿಂಗಳುಗಟ್ಟಲೆ ಅದೊಂದೇ ಮಾತಾಡಿದರು. ಓಡಿಸುವವರಿಗೇ ಹೊರಗಿನದು ಕಾಣದ ಗಾಡಿಗೆ ಯಾರು ಹತ್ತಿಯಾರು ಎಂದು ನಕ್ಕರು. ಕುರುಡು ಬಸ್ಸು ಎಂದು ಹೆಸರಿಟ್ಟರು. ಆಮೇಲೆ ಅದರಲ್ಲೇ ಹತ್ತಿ ಅಂಕೋಲೆಗೆ ಹೋದರು. ಘಟ್ಟ ಇಳಿಯುವ ಬೇರೆ ಬಸ್ಸು ಇರಲಿಲ್ಲ.

ಅರಬೈಲು ಘಟ್ಟದ ಮಂಜು ಆ ಹೊತ್ತಿಗೆ ಋತುಮಾನವನ್ನೇ ಮರೆತಿತ್ತು. ಆಷಾಢಕ್ಕೆ ಬಂದು ಕೂತದ್ದು ಶಿವರಾತ್ರಿ ಕಳೆದರೂ ಏಳುತ್ತಿರಲಿಲ್ಲ. ಗಾಜಿನಲ್ಲಿ ನೋಡಿದರೆ ಹಾಲಿನ ಪಾತ್ರೆಯೊಳಗೆ ಇಣುಕಿದಂತೆ. ಹಾಗಾಗಿ ಬಸ್ಸಿನ ಮುಖಕ್ಕೆ ಮೂರು ಕಣ್ಣು ಕೂರಿಸಿದರು. ಒಂದು ಕ್ಯಾಮೆರಾ, ಒಂದು ಬಿಸಿಯನ್ನು ಗುರುತಿಸುವ ಕಣ್ಣು, ಇನ್ನೊಂದು ರೇಡಾರು. ಮೂರಕ್ಕೂ ಕಂಡದ್ದನ್ನು ಕಂಪ್ಯೂಟರು ಕೂಡಿಸಿ, ಮಂಜೇ ಇಲ್ಲದ ರಸ್ತೆಯೊಂದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆದು ಸ್ಟೀರಿಂಗಿನ ಮುಂದಿನ ಅಗಲವಾದ ಪರದೆಯ ಮೇಲೆ ತೋರಿಸುತ್ತಿತ್ತು.

"ಹಿಂದ ಎಲ್ಲಾರೂ ಮಂಜಿನಾಗ ಕುಂತಿರ್ತಾರ ಅಕ್ಕಾ, ನನಗೊಬ್ಬಾಕಿಗೆ ಬಿಸಲು!" ಎಂದಿದ್ದಳು ಕಸ್ತೂರಿ, ಮೊದಲ ದಿನ ಘಟ್ಟದಲ್ಲಿ ಗಾಡಿ ಓಡಿಸಿ ಮನೆಗೆ ಬಂದಾಗ.

ಘಟ್ಟದ ರೂಟಿಗೆ ಹೆಂಗಸರನ್ನು ಹಾಕುವುದಿಲ್ಲ ಎಂದ ಡಿಪೋದವರೊಡನೆ ವರ್ಷಗಟ್ಟಲೆ ಗುದ್ದಾಡಿ ಅವಳು ಪಡೆದ ಸ್ಟೀರಿಂಗು ಅದು. ಅವಳ ಅಕ್ಕ ಮಹಾನಂದಾ ಅಷ್ಟು ಖುಷಿಪಡಲಿಲ್ಲ. ಮನೆ ಬಿಡುವಾಗ ಗ್ಯಾಸಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಹೆಂಗಸು ಅವಳು. ಅದಕ್ಕಿಂತ ದೊಡ್ಡ ಕಾರಣವೊಂದಿತ್ತು. ಆ ಪರದೆಯ ಮೇಲೆ ಚಿತ್ರ ಹೇಗೆ ಮೂಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಬಸ್ಸಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಜಗತ್ತಿನ ಎಲ್ಲೆಲ್ಲಿಯದೋ ಜನ ಕೂಡಿ ಬರೆದದ್ದು. ಯಾರೇ ಒಂದು ಸಾಲು ತಿದ್ದಿದರೂ ಎಲ್ಲರಿಗೂ ಕಾಣುವಂತೆ ಮೇಲ್ ಕಳಿಸಬೇಕು. ಆ ಭಾಗ ಬಲ್ಲವರು ಓದಿ, ತಪ್ಪು ಹೇಳಿ, ಒಪ್ಪಿಗೆಯಾದರೆ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ತಮ್ಮ ಹೆಸರು ಹಾಕಬೇಕು. ಹೆಸರು ಬೀಳದೆ ತಿದ್ದುಪಡಿ ಒಳಗೆ ಹೋಗುವಂತಿಲ್ಲ. ತಾವು ಬರೆದದ್ದಕ್ಕೆ ತಾವೇ ಹೆಸರು ಹಾಕಿಕೊಳ್ಳುವಂತೆಯೂ ಇಲ್ಲ. ಪರದೆಗೆ ಚಿತ್ರ ಬರೆಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತುಣುಕಿನಲ್ಲಿ, ಯಾವ ಕೆಲಸ ಯಾವುದಕ್ಕೆ ಕಾಯಬೇಕು ಎಂಬ ಭಾಗ ಮಹಾನಂದಾಳದು.

ಅದು ಕೇಳುವುದಕ್ಕೆ ಸಣ್ಣದು. ಚಿತ್ರ ಬರೆಯುವ ಚಿಪ್ ಒಂದು ಮಾತು ಕೊಡುತ್ತದೆ: ಬರೆದು ಮುಗಿಸಿದೊಡನೆ ಬಾವುಟ ಏರಿಸುತ್ತೇನೆ. ಪರದೆ ಆ ಬಾವುಟಕ್ಕೆ ಕಾಯುತ್ತದೆ. ಬಾವುಟ ಏರಿದ ಮೇಲೆ ಕಂಪ್ಯೂಟರಿನ ಮೆಮೊರಿಯಲ್ಲಿ ಹಳೆಯ ಚಿತ್ರದ ಜಾಗ ಖಾಲಿಯಾಗುತ್ತದೆ. ಇಲ್ಲಿ ಮೀರಬಾರದ ಒಂದು ನಿಯಮವಿದೆ. ಮಾತು ಕೊಟ್ಟಾದ ಮೇಲೆ ಬಾವುಟ ಏರಿಸುವ ತನಕ ಯಾರ ಹತ್ತಿರವೂ ಏನನ್ನೂ ಬೇಡಬಾರದು. ನೀವು ಬೇಡಲು ಹೋದವರು ನಿಮ್ಮ ಬಾವುಟಕ್ಕೇ ಕಾಯುತ್ತಿರಬಹುದು. ಮದುವೆ ಊಟದಲ್ಲಿ ಬೀಗರು ಕೂತ ಮೇಲೆ ನಾವು ಎಂದು ಇವರು, ಇವರು ಕೂತ ಮೇಲೆ ನಾವು ಎಂದು ಅವರು, ಎಲೆ ಒಣಗಿ ಹುಗ್ಗಿ ಆರಿದರೂ ನಿಂತೇ ಇರುವುದಿಲ್ಲವೇ, ಹಾಗೆ. ಮದುವೆಯಲ್ಲಿ ಯಾರೋ ಹಿರಿಯರು ಗದರಿ ಕೂರಿಸುತ್ತಾರೆ. ಕಂಪ್ಯೂಟರಿನಲ್ಲಿ ಹಿರಿಯರಿಲ್ಲ. ಚಿತ್ರ ಬಾರದಿದ್ದರೆ ಪರದೆ ಕಪ್ಪಾಗುತ್ತದೆ, ಕಪ್ಪಾದೊಡನೆ ಬಸ್ಸು ತಾನೇ ಬ್ರೇಕು ಹಾಕಿಕೊಂಡು ನಿಲ್ಲುತ್ತದೆ, ಚಿಪ್ ಮೊದಲಿನಿಂದ ಶುರುವಾಗಬೇಕು.

ಘಟ್ಟದಲ್ಲಿ ಬಸ್ಸುಗಳು ಹೀಗೆ ನಿಲ್ಲುತ್ತಿದ್ದವು. ಕೆಲವು ದಿನ ಏನೂ ಇಲ್ಲ, ಕೆಲವು ದಿನ ತಿರುವಿಗೊಮ್ಮೆ. ತಡವಾದದ್ದಕ್ಕೆ ಡಿಪೋದವರು ಓಡಿಸಿದವರನ್ನೇ ಹಿಡಿದರು. ಕಸ್ತೂರಿಗೆ ಎರಡು ಮೆಮೋ ಬಂದಿದ್ದವು. ಮೂರನೆಯದು ಬಂದರೆ ಘಟ್ಟದ ರೂಟು ಹೋಯಿತು.

"ನೀ ಒಂದು ಹೆಸರು ಹಾಕಿದ್ರ ಮುಗೀತಲ್ಲ?" ಎಂದಳು ಕಸ್ತೂರಿ. ಬೆಳಗಿನ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟು ಬಂದಾಗ ಅವಳ ರೊಟ್ಟಿಗಳು ತೆಳ್ಳಗಾಗುತ್ತಿದ್ದವು. "ಅನ್ವರ್ ಅಂತ, ನಿಮ್ಮ ಆಫೀಸಿನಾಂವ, ಏನೋ ಬರದು ಕಳಿಸ್ಯಾನಂತ. ಅದನ್ನ ಹಾಕಿದ್ರ ಪರದೆ ಕಪ್ಪಾಗಂಗೇ ಇಲ್ಲಂತ. ಡಿಪೋದಾಗ ಎಲ್ಲಾರಿಗೂ ಗೊತ್ತೈತಿ, ನೀ ತಡದು ಕುಂತೀ ಅನ್ನೋದೂ ಗೊತ್ತೈತಿ."

"ಕಪ್ಪಾಗಂಗಿಲ್ಲ ಖರೆ. ಹೊಸಾ ಚಿತ್ರ ಬರದಿದ್ರ ಹಳೇದನ್ನ ಹಂಗ ಇಟ್ಟಿರ್ತೈತಿ. ನಿನಗ ಗೊತ್ತಾಗಂಗಿಲ್ಲ."

"ಎಷ್ಟು ಹಳೇದು? ಕಣ್ಣು ಮಿಟುಕಿಸೂದ್ರಾಗ ಹೊಸಾದು ಬರ್ತೈತಿ."

"ಬರಲಿಲ್ಲಂದ್ರ?"

"ನೀ ಸಣ್ಣಾಕಿದ್ದಾಗಿಂದ ಹಿಂಗ. ಬರಲಿಲ್ಲಂದ್ರ, ಬಿದ್ರ, ಹೋದ್ರ." ಕಸ್ತೂರಿ ರೊಟ್ಟಿಯನ್ನು ಹಂಚಿಗೆ ಎಸೆದಳು. "ನಿನಗ ಅದು ಬರೇ ಒಂದು ಸಾಲು. ನಂದು ರೂಟ್ ಹೋಗ್ತೈತಿ ಅಕ್ಕಾ. ನಾಳೆ ಮತ್ತ ಹೊಸೂರು ಸ್ಟ್ಯಾಂಡಿನಾಗ ಸಿಟಿ ಬಸ್ ತಿರುಗಿಸ್ಕೋತ ಕುಂದ್ರಬೇಕು, ಅವರೆಲ್ಲಾ ಹಲ್ಲು ಕಿಸೀತಾರ."

ಪರದೆಯ ಮೇಲೆ ಘಟ್ಟದ ರಸ್ತೆ ಎಲ್ಲ ಒಂದೇ ತರ ಇರುತ್ತದೆ. ನಿಂತ ಚಿತ್ರ ಯಾವುದು, ನಡೆಯುವ ಚಿತ್ರ ಯಾವುದು ಎಂದು ತಂಗಿಗೆ ತಿಳಿಯುವುದು ಹೇಗೆ? ಆ ಒಂದು ಗಳಿಗೆಯಲ್ಲಿ ಒಂದು ಎಮ್ಮೆ ರಸ್ತೆಗೆ ಇಳಿದರೆ? ಈ ಮಾತನ್ನು ಮಹಾನಂದಾ ಬಾಯಿಬಿಟ್ಟು ಹೇಳಲಾರದೆ ಹೋದಳು. ಘಟ್ಟಕ್ಕೆ ಹೊರಟವಳ ಎದುರು ಅಂಥದ್ದನ್ನು ಯಾರೂ ಹೇಳುವುದಿಲ್ಲ.

ಮಹಾನಂದಾ ಕೆಲಸ ಮಾಡುವ ಪರೀಕ್ಷಾ ಕೇಂದ್ರ ವಿದ್ಯಾನಗರದಲ್ಲಿತ್ತು. ಒಂದು ಕೋಣೆಯಲ್ಲಿ ಬಸ್ಸಿನದೇ ಪರದೆ, ಬಸ್ಸಿನದೇ ಕಂಪ್ಯೂಟರು. ಘಟ್ಟದಲ್ಲಿ ಓಡುವಾಗ ಕ್ಯಾಮೆರಾಗಳು ಹಿಡಿದ ದೃಶ್ಯಗಳನ್ನು ಅದಕ್ಕೆ ಉಣಿಸಿ, ನಿಲ್ಲುತ್ತದೋ ಇಲ್ಲವೋ ನೋಡುವುದು. ವಾರಗಟ್ಟಲೆ ಉಣಿಸಿದರೂ ಅದು ಒಂದು ಸಲವೂ ನಿಂತಿರಲಿಲ್ಲ.

"ನಿಲ್ಲಂಗಿಲ್ಲ ಅಕ್ಕಾರ," ಎಂದ ಅನ್ವರ್ ಮುಲ್ಲಾ. ಮೃದು ಮಾತಿನ, ಜಾಣ ಹುಡುಗ; ಮಹಾನಂದಾಳ ಹತ್ತಿರವೇ ಕೆಲಸ ಕಲಿತವನು. "ರೋಗ ಏನಂತ ಸಿಗವಲ್ದು. ಅಲ್ಲೀಮಟ ನೋವಿಗೆ ಗುಳಿಗಿ ಕೊಡೋದ್ರಾಗ ಏನು ತಪ್ಪು? ಬಸ್ ನಿಂತಾಗ ಹಿಂದಿನ ಲಾರಿ ಬಂದು ಗುದ್ದಿದ್ರ? ಕಪ್ಪು ಪರದೆನೂ ಅಪಾಯನ ಅಲ್ರಿ?"

ಅದು ಸುಳ್ಳಾಗಿರಲಿಲ್ಲ. ಅವಳು ಅವನ ತಿದ್ದುಪಡಿಯನ್ನು ಮತ್ತೊಮ್ಮೆ ಓದಿದಳು. ಚೊಕ್ಕವಾಗಿತ್ತು, ಒಂದು ಅಕ್ಷರವೂ ಹೆಚ್ಚಿರಲಿಲ್ಲ. ತಂಗಿಯ ಮುಖ, ಡಿಪೋದವರ ನಗು ಕಣ್ಣ ಮುಂದೆ ಬಂದವು. ಉತ್ತರದ ಕೆಳಗೆ ಹೆಸರು ಬರೆದಳು. ಬರೆದು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಅಳಿಸಿ ಬರೆದಳು: "ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಹೇಳುವುದನ್ನು ಇದು ನಿಲ್ಲಿಸುತ್ತದೆ. ಒಪ್ಪಲಾರೆ. ಕಾರಣ ಹುಡುಕಲು ಸ್ವಲ್ಪ ಸಮಯ ಕೊಡಿ."

ಮರುದಿನ ಬೆಳಿಗ್ಗೆ ಕಸ್ತೂರಿ ಡಿಪೋಗೆ ಹೊರಟಾಗ ಅಕ್ಕನೂ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ನಿನ್ನ ಬಸ್ಸಿಗೆ. ಟಿಕೆಟ್ ತಗೋತೀನಿ."

"ನಿಂತ್ರ ಇಳದು ನೂಕಾಕ ಬರ್ತೀಯೇನು?" ಎಂದಳು ಕಸ್ತೂರಿ. ಆದರೂ ಗೇಟಿನ ಹತ್ತಿರ ನಿಂತು ಕಾದಳು.

ಡಿಪೋದಲ್ಲಿ ಕಂಡಕ್ಟರ್ ಫಕೀರಪ್ಪ ಬಸ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಏನೋ ಕಟ್ಟುತ್ತಿದ್ದ. ಹೋಗಿ ನೋಡಿದರೆ ದಪ್ಪ ನಿಂಬೆಹಣ್ಣು, ಮೇಲೊಂದು ಕೆಳಗೊಂದು ಹಸಿಮೆಣಸಿನಕಾಯಿಯ ಸಾಲು, ತುದಿಗೆ ಇದ್ದಿಲ ತುಂಡು. "ನಿನ್ನೆ ಅಮಾಸಿ ಆತಲ್ರಿ ಮೇಡಂ. ಹಳೇದು ಒಣಗಿ ಉತ್ತತ್ತಿ ಆಗಿತ್ತು."

"ಇಲ್ಲ್ಯಾಕ ಕಟ್ಟೀರಿ?"

"ಮತ್ತೆಲ್ಲಿ ಕಟ್ಟೂದು? ಈ ತಗಡಿನ ಮಾರಿಗೆ ಇದೊಂದ ಕೊಕ್ಕಿ ಐತಿ."

ಕೊಕ್ಕೆ ಎಂದರೆ ಕ್ಯಾಮೆರಾದ ಮೇಲಿನ ಮಳೆಮರೆಯ ತುದಿ. ನಿಂಬೆಹಣ್ಣು ಕ್ಯಾಮೆರಾದ ಕಣ್ಣಿನ ಮುಂದೆಯೇ, ತುಸು ಕೆಳಗೆ ತೂಗುತ್ತಿತ್ತು. ಸಾಲಾಗಿ ನಿಂತಿದ್ದ ಬಸ್ಸುಗಳಿಗೆಲ್ಲ ಹಾಗೆಯೇ ಕಟ್ಟಿದ್ದರು. ಕಸ್ತೂರಿ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದಳು.

ಯಲ್ಲಾಪುರ ದಾಟಿದೊಡನೆ ಕಿಟಕಿಗಳು ಬೆಳ್ಳಗಾದವು. ಪ್ರಯಾಣಿಕರು ಮಫ್ಲರು ಸುತ್ತಿಕೊಂಡು ನಿದ್ದೆಗೆ ಜಾರಿದರು. ಮುಂದಿನ ಸೀಟಿನಲ್ಲಿ ಕೂತ ಮಹಾನಂದಾಳಿಗೆ ಮಾತ್ರ ತಂಗಿಯ ಹೆಗಲ ಮೇಲಿಂದ ಆ ಬಿಸಿಲು ಕಂಡಿತು. ಕಪ್ಪು ರಸ್ತೆ, ಹಳದಿ ಗೆರೆ, ಎರಡೂ ಕಡೆ ಎಲೆ ಎಲೆಯಾಗಿ ಕಾಣುವ ಕಾಡು. ತಂಗಿಗೆ ಈ ರೂಟು ಯಾಕೆ ಅಷ್ಟು ಬೇಕು ಎಂಬುದು ಅವಳಿಗೆ ಆಗ ಅರ್ಥವಾಯಿತು.

ನೋಡುತ್ತ ಹೋದಂತೆ ಅವಳ ಮನಸ್ಸಿಗೆ ಏನೋ ಕೊರೆಯತೊಡಗಿತು. ಪರದೆಯ ಕೆಳಗಿನ ಅಂಚಿನಲ್ಲಿ ಇರಬೇಕಾದ ಒಂದು ವಸ್ತು ಇರಲಿಲ್ಲ.

"ಕಸ್ತೂರಿ, ನಿಂಬಿಹಣ್ಣು ಎಲ್ಲಿ?"

"ಹೊರಗೈತಲ್ಲ."

"ಪರದೆದಾಗ ಯಾಕ ಕಾಣವಲ್ದು?"

"ಅದು ಎಂದೂ ಕಂಡಿಲ್ಲ."

"ನಮಗ ಕಾಣದಿದ್ರೂ ನಡೀತೈತ್ರಿ," ಎಂದ ಫಕೀರಪ್ಪ ಹಿಂದಿನಿಂದ. "ದೆವ್ವಕ್ಕ ಕಂಡ್ರ ಸಾಕು."

ಕಸ್ತೂರಿ ನಕ್ಕಳು. ಅಷ್ಟರಲ್ಲಿ ತಿರುವು ಬಂತು, ಬಸ್ಸು ವಾಲಿತು, ಪರದೆ ಕಪ್ಪಾಯಿತು. ಬ್ರೇಕು ಕಿರುಚಿತು. ಹಿಂದೆ ಒಂದು ಕೂಸು ಅಳತೊಡಗಿತು. "ಎವ್ವಾ, ಮತ್ತ ಕುರುಡಾತು ನೋಡ!" ಎಂದು ಒಬ್ಬಾಕೆ ಗೊಣಗಿದಳು. ಚಿತ್ರ ಮರಳಿ ಬಂದಾಗ ಕಸ್ತೂರಿಯ ಕೈ ಸ್ಟೀರಿಂಗಿನ ಮೇಲೆ ಬಿಗಿದುಕೊಂಡಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಕಪ್ಪು. ಅದರ ಮುಂದಿನದರಲ್ಲೂ.

ಮಹಾನಂದಾ ಕಣ್ಣು ಮುಚ್ಚಿ ಕೂತಿದ್ದಳು. ಪ್ರಯಾಣಿಕರು ಹೆದರಿದ್ದಾಳೆ ಎಂದುಕೊಂಡರು. ಅವಳು ಗ್ರಾಫಿಕ್ಸ್ ಡ್ರೈವರಿನ ಸಾಲುಗಳನ್ನು ನೆನಪಿನಲ್ಲಿ ಓದುತ್ತಿದ್ದಳು. ಕಣ್ಣಿಗೆ ಅಡ್ಡ ಬಂದದ್ದನ್ನು, ಮಳೆಹನಿ, ಅಂಟಿದ ಎಲೆ ಅಂಥವನ್ನು, ಅಳಿಸಿ ಹಿಂದಿನ ರಸ್ತೆಯನ್ನು ತುಂಬುವ ಒಂದು ಭಾಗವಿತ್ತು. ನಿಂಬೆಹಣ್ಣನ್ನು ಅಳಿಸುತ್ತಿದ್ದುದು ಅದೇ. ತಿರುವಿನಲ್ಲಿ ತೂಗಿ ಮೇಲೆದ್ದ ದಪ್ಪ ಹಣ್ಣು ಅರ್ಧ ಕಣ್ಣನ್ನೇ ಮುಚ್ಚುತ್ತದೆ. ಅಷ್ಟು ದೊಡ್ಡದನ್ನು ಅಳಿಸಲು ಹೆಚ್ಚಿನ ಜಾಗ ಬೇಕು. ಆ ಭಾಗ ಜಾಗ ಬೇಡುವುದು ಯಾವಾಗ? ಚಿತ್ರ ಬರೆಯುತ್ತಿರುವಾಗಲೇ. ಮಾತು ಕೊಟ್ಟ ಮೇಲೆ. ಜಾಗ ಕೊಡಬೇಕಾದದ್ದು ಹಳೆಯ ಚಿತ್ರ ಖಾಲಿಯಾಗಲಿ ಎಂದು ಬಾವುಟಕ್ಕೆ ಕಾಯುತ್ತದೆ. ಬಾವುಟ ಏರಿಸಬೇಕಾದದ್ದು ಜಾಗಕ್ಕೆ ಕಾಯುತ್ತದೆ. ಎಲೆ ಹಾಕಿ, ಹುಗ್ಗಿ ಬಡಿಸಿ, ಎರಡೂ ಕಡೆಯವರು ನಿಂತೇ ಇದ್ದಾರೆ.

ಅಮಾವಾಸ್ಯೆ ಕಳೆದ ದಿನಗಳಲ್ಲಿ ಹಣ್ಣು ರಸ ತುಂಬಿ ಭಾರ. ಬರಬರುತ್ತ ಒಣಗಿ ಚಿಕ್ಕದಾಗುತ್ತದೆ, ಬಸ್ಸು ನಿಲ್ಲುವುದು ಕಡಿಮೆಯಾಗುತ್ತದೆ. ಪರೀಕ್ಷಾ ಕೇಂದ್ರಕ್ಕೆ ಬರುವ ದೃಶ್ಯಗಳಲ್ಲಾದರೆ, ಬರೀ ಬಂಪರು ಕಾಣುವ ಜಾಗ ಎಂದು ಕೆಳಗಿನ ಪಟ್ಟಿಯನ್ನು ಮೊದಲೇ ಕತ್ತರಿಸಿರುತ್ತಿದ್ದರು. ಹಾಗೆ ಕತ್ತರಿಸಲು ಒಪ್ಪಿದವರಲ್ಲಿ ಅವಳೂ ಒಬ್ಬಳು.

ಅಂಕೋಲೆಯಲ್ಲಿ ಇಳಿದ ಕೂಡಲೇ ತಂಗಿಗೆ ಹೇಳಿದಳು. ಕಸ್ತೂರಿ ಬಸ್ಸಿನ ಮುಖ ನೋಡಿದಳು.

"ಅಂದ್ರ ನಾವು ಕಟ್ಟಿದ್ದ ನಮಗ ಮುಳುವಾತು ಅಂತೀ."

"ನೀವು ಕಟ್ಟಿದ್ದಲ್ಲ. ನಾವು ಬರದದ್ದು."

"ಬಿಚ್ಚು ಅಂತ ಹೇಳಬ್ಯಾಡ. ಅದನ್ನ ಬಿಚ್ಚಿ ನಾ ಘಟ್ಟ ಇಳಿಯಂಗಿಲ್ಲ."

"ಹೇಳಂಗಿಲ್ಲ," ಎಂದಳು ಮಹಾನಂದಾ. ಅವಳಿಗೂ ಅದನ್ನು ಬಿಚ್ಚಿಸುವ ಧೈರ್ಯವಿರಲಿಲ್ಲ.

ಆದರೆ ಆ ದಿನ ತಡವಾದದ್ದು ತಡವಾದದ್ದೇ. ಮೂರನೆಯ ಮೆಮೋ ಬಂತು. ಅಕ್ಕನ ವಿವರಣೆ ಕೇಳಿದ ಡಿಪೋ ಅಧಿಕಾರಿಗಳು ಒಂದು ದಯೆ ತೋರಿಸಿದರು. ದೋಷ ಕಂಪ್ಯೂಟರಿನದೇ ಆಗಿದ್ದರೆ ಸರಿಪಡಿಸಿ ತೋರಿಸಿ; ಇನ್ಸ್‌ಪೆಕ್ಟರ್ ಕೂತು ಒಂದು ಟ್ರಿಪ್ ನೋಡಲಿ; ಅವರು ಸರಿ ಎಂದರೆ ರೂಟು ಉಳಿಯುತ್ತದೆ.

ಪರೀಕ್ಷಾ ಕೇಂದ್ರದಲ್ಲಿ ಅನ್ವರ್ ಕ್ಯಾಮೆರಾದ ಮುಂದೆ ನಿಂಬೆಹಣ್ಣು ಕಟ್ಟಿ ಬೆರಳಿನಿಂದ ತೂಗಿದ. ಪರದೆ ಕಪ್ಪಾಯಿತು. ಮತ್ತೆ ತೂಗಿದ, ಮತ್ತೆ ಕಪ್ಪಾಯಿತು. ಕೈ ಹಿಂದಕ್ಕೆಳೆದುಕೊಂಡು ನಗಲೂ ಆಗದೆ ನಿಂತ.

"ಇಷ್ಟು ದಿನ ಈ ಕೋಣಿಯಾಗ ಎಲ್ಲಾ ತಂದೀವಿ ಅಕ್ಕಾರ, ಇದೊಂದು ತರಲಿಲ್ಲ. ಇನ್ನೇನು, ಕಟ್ಟಬ್ಯಾಡ್ರಿ ಅಂತ ಒಂದು ಆರ್ಡರ್ ಹೊಂಡಿಸಿದ್ರ ಮುಗೀತು."

"ನಾಳೆ ಒಂದು ಟೊಂಗಿ ಅಡ್ಡ ಬರ್ತೈತಿ, ಯಾರದೋ ಸೀರಿ ಸೆರಗು ಹಾರಿ ಬರ್ತೈತಿ. ಅದಕ್ಕೂ ಆರ್ಡರ್ ಹೊಂಡಸ್ತೀ?"

ಮಹಾನಂದಾ ಕೂತು ಬರೆದಳು. ಚಿತ್ರಕ್ಕೆ ಕೈ ಹಾಕುವ ಮೊದಲೇ ಬೇಕಾಗಬಹುದಾದ ಜಾಗವನ್ನೆಲ್ಲ ಕೇಳಿ ಇಟ್ಟುಕೊಳ್ಳುವುದು. ಆಮೇಲೆ ಮಾತು ಕೊಡುವುದು. ಕೊಟ್ಟ ಮೇಲೆ ಯಾರನ್ನೂ ಏನೂ ಬೇಡದೆ ಬರೆದು ಮುಗಿಸಿ ಬಾವುಟ ಏರಿಸುವುದು. ಹೊಸ ಚಿತ್ರ ಇಲ್ಲವಾದರೆ ಪರದೆ ಕಪ್ಪಾಗುವ ಸಾಲನ್ನು ಮುಟ್ಟಲಿಲ್ಲ. ಬರೆದು ಎಲ್ಲರಿಗೂ ಕಳಿಸಿದಳು. ಇನ್ನು ಆ ಕೆಳಗೆ ಯಾರಾದರೂ ಹೆಸರು ಹಾಕಬೇಕು. ಈ ಭಾಗ ಬಲ್ಲವನು ಅವಳು ಯಾರ ತಿದ್ದುಪಡಿಯನ್ನು ತಿರಸ್ಕರಿಸಿದ್ದಳೋ ಆ ಅನ್ವರನೇ.

ಅವನು ನಿಧಾನವಾಗಿ ಓದಿದ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು, ಬಂದು ಕೂತಳು, ಮತ್ತೆ ಎದ್ದಳು.

"ಅಕ್ಕಾರ, ಇಲ್ಲಿ ನೋಡ್ರಿ," ಎಂದ ಅವನು ಸಂಕೋಚದಿಂದ. "ಕೇಳಿದಷ್ಟು ಜಾಗ ಸಿಗಲಿಲ್ಲಂದ್ರ ನೀವು ಹಂಗ ಹೊಳ್ಳಿ ಹೊಂಟೀರಿ. ಒಳಗ ಹೋಗುವಾಗ ಹಾಕಿದ ಲಾಕ್ ತಗದಿಲ್ಲ. ಕೋಣಿಗೆ ಕೀಲಿ ಹಾಕಿ, ಕೀಲಿಕೈ ಬಗಲಾಗ ಇಟ್ಕೊಂಡು ಊರಿಗೆ ಹೋದಂಗಾತು."

ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ಗ್ಯಾಸಿನ ಗುಂಡಿಯನ್ನು ಅಷ್ಟು ಸಲ ಮುಟ್ಟಿ ನೋಡುವವಳು ಇದನ್ನು ಬಿಟ್ಟಿದ್ದಳು.

"ಛೇ," ಎಂದಳು.

"ಇರಲಿ ಬಿಡ್ರಿ. ಅದಕ್ಕ ಇನ್ನೊಬ್ಬರು ಓದೋದು." ಅನ್ವರ್ ಕುರ್ಚಿ ಅವಳತ್ತ ತಳ್ಳಿದ. "ನಾನೂ ನಿಮ್ಮ ಮ್ಯಾಲೆ ಸಿಟ್ಟಾಗಿದ್ದೆ. ಈಗ ಸಮ ಆತು."

ತಿದ್ದಿದಳು. ಅವನು ಮೊದಲಿಂದ ಓದಿ ತನ್ನ ಹೆಸರು ಹಾಕಿದ. ಆಮೇಲೆ ಇಬ್ಬರೂ ಸರದಿಯಲ್ಲಿ ನಿಂಬೆಹಣ್ಣು ತೂಗಿದರು. ಮಧ್ಯಾಹ್ನದ ಚಹಾ ಆರಿತು, ಹಣ್ಣಿನ ದಾರ ಸವೆದು ಹರಿಯಿತು, ಪರದೆಯ ಮೇಲೆ ರಸ್ತೆ ನಡೆಯುತ್ತಲೇ ಇತ್ತು.

ಇನ್ಸ್‌ಪೆಕ್ಟರ್ ಕಲ್ಲೂರ ಅವರು ಕಡಿಮೆ ಮಾತಿನ ಮನುಷ್ಯ. ಟ್ರಿಪ್ಪಿನ ದಿನ ಮುಂದಿನ ಸೀಟಿನಲ್ಲಿ ಕೂತು ಗಡಿಯಾರವನ್ನು ಮೊಣಕಾಲ ಮೇಲಿಟ್ಟುಕೊಂಡರು. ಅವರ ಹಿಂದೆ ಮಹಾನಂದಾ. ಘಟ್ಟ ಶುರುವಾಯಿತು. ಮೊದಲ ತಿರುವು ಹೋಯಿತು, ಎರಡನೆಯದು ಹೋಯಿತು. ಕಸ್ತೂರಿಯ ಹೆಗಲು ಸಡಿಲಾಗುವುದು ಹಿಂದಿನಿಂದ ಕಾಣುತ್ತಿತ್ತು. ಅವಳು ಕನ್ನಡಿಯಲ್ಲಿ ಅಕ್ಕನನ್ನು ನೋಡಿ ಹುಬ್ಬು ಹಾರಿಸಿದಳು.

ಕಡೆಯ ಇಳಿಜಾರಿನಲ್ಲಿ ಎದುರಿನಿಂದ ಅದಿರಿನ ಲಾರಿಯೊಂದು ಹತ್ತುತ್ತ ಬಂತು. ದಾಟುವಾಗ ಹೊಂಡದ ಕೆಂಪು ರಾಡಿ ಹಾರಿ ಬಸ್ಸಿನ ಮುಖಕ್ಕೆ ರಪ್ಪೆಂದು ಬಡಿಯಿತು. ಪರದೆ ಕಪ್ಪಾಯಿತು.

ಬಸ್ಸು ನಿಂತಿತು. ಹಿಂದೆ ಗದ್ದಲ ಎದ್ದಿತು.

"ರಿಪೇರಿ ಆಗೈತಿ ಅಂದಿದ್ರಿ?" ಎಂದರು ಇನ್ಸ್‌ಪೆಕ್ಟರು.

"ಇದು ಬ್ಯಾರೆ," ಎಂದಳು ಮಹಾನಂದಾ. ಈ ಕಪ್ಪನ್ನು ಉಳಿಸಿದವಳು ತಾನೇ. "ಮೂರೂ ಕಣ್ಣಿಗೆ ರಾಡಿ ಕೂತೈತಿ. ಖರೇನ ಕಾಣವಲ್ದು."

"ನೇರ ರಸ್ತೆ ಐತಿ, ನಿಧಾನ ಬಿಡ್ರಿ," ಎಂದ ಯಾರೋ ಪ್ರಯಾಣಿಕ. "ದಿನಾ ಬರ್ತೀನಿ, ಇಲ್ಲೇನೂ ಇರಂಗಿಲ್ಲ."

ಕೈಯಿಂದ ಬ್ರೇಕು ಬಿಡಿಸಿ ಅಂದಾಜಿನ ಮೇಲೆ ಉರುಳಿಸಲು ಒಂದು ಗುಂಡಿ ಇತ್ತು. ಕಸ್ತೂರಿಯ ಬೆರಳು ಅದರ ಮೇಲಿತ್ತು. ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಮಹಾನಂದಾ ತಂಗಿಯ ಬೆರಳನ್ನು ನೋಡಿದಳು. ಹೇಳಬೇಕಾದದ್ದನ್ನು ಹೇಳುವ ಹಕ್ಕು ಆ ಗಳಿಗೆಯಲ್ಲಿ ಅವಳದಾಗಿರಲಿಲ್ಲ.

ಕಸ್ತೂರಿ ಬೆರಳು ತೆಗೆದು ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ಫಕೀರಪ್ಪಣ್ಣ, ಇಳದು ಒರಸ್ರಿ."

ಫಕೀರಪ್ಪ ಬಾಟಲಿ ನೀರು, ಹೆಗಲ ಟವೆಲು ತೆಗೆದುಕೊಂಡು ಮಂಜಿನೊಳಗೆ ಇಳಿದ. ತಗಡಿನ ಮೇಲೆ ಅವನ ಕೈ ಉಜ್ಜುವ ಸದ್ದು ಕೇಳಿತು. ಆಮೇಲೆ ಪರದೆಯ ತುಂಬ ಅವನ ಅಂಗೈ, ಮೂಗು, ಅದರ ಹಿಂದೆ ಬಿಸಿಲಿನ ರಸ್ತೆ. ರಸ್ತೆ ಖಾಲಿಯಾಗಿತ್ತು. ಒಂದು ನಾಯಿಯೂ ಇರಲಿಲ್ಲ.

"ಏನೂ ಇದ್ದಿಲ್ಲಲ್ರಿ," ಎಂದ ಆ ಪ್ರಯಾಣಿಕ. "ಸುಮ್ನ ನಿಂತ್ವಿ."

"ಇಲ್ಲಂತ ಈಗ ಗೊತ್ತಾತು," ಎಂದಳು ಕಸ್ತೂರಿ. "ಆಗ ಗೊತ್ತಿದ್ದಿಲ್ಲ."

ಬಸ್ಸು ತುಸು ತಡವಾಗಿ ಅಂಕೋಲೆಯ ನಿಲ್ದಾಣಕ್ಕೆ ತಿರುಗಿತು. ಇನ್ಸ್‌ಪೆಕ್ಟರು ಇಳಿದು, ಮೆಟ್ಟಿಲ ಹತ್ತಿರವೇ ನಿಂತು ಗಡಿಯಾರವನ್ನು ಜೇಬಿಗೆ ಹಾಕಿದರು.

"ನಾ ಆಗಿದ್ರ ಗಾಡಿ ಬಿಟ್ಟುಬಿಡ್ತಿದ್ದೆನವಾ," ಎಂದರು.

"ಅದಕ್ಕ ನಿಮ್ಮನ್ನ ಆಫೀಸಿನಾಗ ಕೂಡ್ರಿಸ್ಯಾರ್ರಿ," ಎಂದ ಫಕೀರಪ್ಪ, ಕೆಂಪಾದ ಟವೆಲು ಹಿಂಡುತ್ತ.

ಇನ್ಸ್‌ಪೆಕ್ಟರು ನಗುವರೋ ಬಯ್ಯುವರೋ ಎಂದು ಮಹಾನಂದಾ ಅವರ ಮುಖ ನೋಡಿದಳು. ಅವರು ಎರಡೂ ಮಾಡಲಿಲ್ಲ. ಮೇಲೆ ಸ್ಟೀರಿಂಗಿನ ಮುಂದೆ ಕೂತವಳತ್ತ ನೋಡಿ, "ನಾಳೆ ಬೆಳಗಿನ ಗಾಡೀನೂ ನೀನ ತಗೊಂಡು ಬಾರವಾ. ನನ್ನ ಹೆಂಡ್ತಿ ಅದರಾಗ ತವರಿಗೆ ಬರಾಕಿ ಇದ್ದಾಳ," ಎಂದು ಹೇಳಿ ಚಹಾದ ಅಂಗಡಿಯತ್ತ ನಡೆದರು.